ಮುಂಡಾಸು ಕಟ್ಟುವ ಹೊತ್ತು

ಕೊಯ್ಲಾದ ಗದ್ದೆ ನಮ್ಮ ಕುಂದಾಪುರದ ಕಡೆ ಸುಮ್ಮನೆ ಬಿದ್ದಿರುವುದಿಲ್ಲ. ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಇವತ್ತು ಈ ಗದ್ದೆಯಲ್ಲಿ, ನಾಳೆ ಆಚೆ ಊರಿನ ಶಾಲೆಯ ಬಯಲಿನಲ್ಲಿ, ನಾಡಿದ್ದು ಯಾರದೋ ಮನೆಯಂಗಳದಲ್ಲಿ ಆಟ. ಮಧ್ಯಾಹ್ನ ದಾಟುವಾಗ ಮೇಳದ ಲಾರಿ ಬಂದು ನಿಲ್ಲುತ್ತದೆ. ಪೆಟ್ಟಿಗೆಗಳು ಇಳಿಯುತ್ತವೆ, ರಂಗಸ್ಥಳದ ಕಂಬಗಳು ಏಳುತ್ತವೆ, ಒಂದು ಬದಿಗೆ ಚೌಕಿ ಸಿದ್ಧವಾಗುತ್ತದೆ. ಶಾಲೆ ಬಿಟ್ಟ ಮಕ್ಕಳು ಮನೆಗೂ ಹೋಗದೆ ಓಡಿ ಬರುವುದು ಚೌಕಿಯ ಕಡೆಗೆ. ನಾನೂ ಹಾಗೆ ಓಡಿದವನೇ. ಯಕ್ಷಗಾನದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು, ಚೌಕಿಯ ತಟ್ಟಿಯ ಸಂದಿಯಿಂದ ಇಣುಕಿ ಕಲಿತದ್ದು.

ಚೌಕಿ ಎಂದರೆ ವೇಷ ಕಟ್ಟುವ ಜಾಗ, ಬಣ್ಣದ ಮನೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ತುದಿಯಲ್ಲಿ ದೇವರು, ದೇವರ ಮುಂದೆ ದೀಪ. ಅಲ್ಲಿಂದ ಎರಡು ಸಾಲಾಗಿ ಚಾಪೆ, ಚಾಪೆಯ ಮುಂದೆ ಒಬ್ಬೊಬ್ಬರ ಪೆಟ್ಟಿಗೆ. ಯಾರು ಎಲ್ಲಿ ಬೇಕಾದರೂ ಕೂರುವಂತಿಲ್ಲ. ಎರಡನೇ ವೇಷದವರಿಗೆ, ಅಂದರೆ ಮುಖ್ಯ ಪಾತ್ರ ಮಾಡುವವರಿಗೆ, ಒಂದು ಜಾಗ, ಪುರುಷವೇಷದವರಿಗೆ ಒಂದು, ಸ್ತ್ರೀವೇಷದವರಿಗೆ, ಹಾಸ್ಯಗಾರರಿಗೆ, ಮುಂಡಾಸು ವೇಷದವರಿಗೆ, ಕೊನೆಗೆ ಕೋಡಂಗಿಗಳಿಗೆ ಅವರವರದೇ ಜಾಗ. ಲಾರಿ ಯಾವ ಊರಿನಲ್ಲಿ ನಿಂತರೂ ಈ ವಠಾರ ಬದಲಾಗುವುದಿಲ್ಲ. ಕತ್ತಲಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಕಲಾವಿದ ತನ್ನ ಜಾಗಕ್ಕೆ ಹೋಗಿ ಕೂತಾನು.

ಬಣ್ಣ ಹಚ್ಚಿಕೊಳ್ಳುವುದು ಅವರವರೇ. ಎಡಗೈಯಲ್ಲಿ ಸಣ್ಣ ಕನ್ನಡಿ, ಬಲಗೈಯಲ್ಲಿ ಕಡ್ಡಿ. ಮೊದಲು ಮುಖಕ್ಕೆ ಕೊಬ್ಬರಿ ಎಣ್ಣೆ. ಆಮೇಲೆ ಸಫೇತ, ಅರದಾಳ, ಇಂಗಳೀಕ ಬೆರೆಸಿದ ನಸುಗೆಂಪು ಬಣ್ಣವನ್ನು ಅಂಗೈಯಲ್ಲೇ ಹದ ಮಾಡಿ ಮುಖವಿಡೀ ಬಳಿಯುವುದು. ಎಷ್ಟು ಹಳದಿ, ಎಷ್ಟು ಕೆಂಪು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ತನ್ನ ಮೈಬಣ್ಣ ಯಾವುದು, ಇವತ್ತಿನ ಪಾತ್ರ ಯಾವುದು ಎಂದು ನೋಡಿ ಕೈಯೇ ಲೆಕ್ಕ ಹಾಕುತ್ತದೆ. ಕಣ್ಣಿಗೆ, ಹುಬ್ಬಿಗೆ ಕಾಡಿಗೆ. ಹಣೆಗೆ ನಾಮ. ಒಂದು ಗೆರೆ ಎರಡು ನೂಲಿನಷ್ಟು ಮೇಲೆ ಹೋದರೆ ಅರ್ಜುನನ ಮುಖದಲ್ಲಿ ಕೌರವನ ಕೋಪ ಬಂದುಬಿಡುತ್ತದೆ. ಹಿರಿಯ ಕಲಾವಿದರು ಗೆರೆ ಎಳೆಯುವಾಗ ಉಸಿರು ಹಿಡಿದುಕೊಳ್ಳುವುದನ್ನು ನಾನು ನೋಡಿದ್ದೇನೆ.

ರಾಕ್ಷಸ ವೇಷಕ್ಕೆ, ಅಂದರೆ ಬಣ್ಣದ ವೇಷಕ್ಕೆ, ಇಷ್ಟು ಸಾಲದು. ಅಕ್ಕಿ ನೆನೆಸಿ, ನುಣ್ಣಗೆ ಅರೆದು, ಸುಣ್ಣ ಸೇರಿಸಿದ ಹಿಟ್ಟಿನಿಂದ ಮುಖದ ಮೇಲೆ ಚುಟ್ಟಿ ಇಡಬೇಕು. ಕಡ್ಡಿಯ ತುದಿಯಲ್ಲಿ ಒಂದು ಹನಿ ಹಿಟ್ಟು ತೆಗೆದು ಕೆನ್ನೆಗೆ ತಾಗಿಸಿ ಮೆಲ್ಲಗೆ ಎಳೆದರೆ ಒಂದು ಬಿಳಿ ಮುಳ್ಳು ಏಳುತ್ತದೆ. ಅದರ ಪಕ್ಕಕ್ಕೆ ಇನ್ನೊಂದು, ಇನ್ನೊಂದರ ಮೇಲೆ ಮತ್ತೊಂದು. ಗಂಟೆಗಟ್ಟಲೆಯ ಕೆಲಸ ಇದು. ಆ ಹೊತ್ತೆಲ್ಲ ವೇಷಧಾರಿ ನಗುವಂತಿಲ್ಲ, ಮಾತಾಡುವಂತಿಲ್ಲ. ಹಿಟ್ಟು ಒಣಗುವ ಮೊದಲು ಕೆನ್ನೆ ಅಲುಗಿದರೆ ಸಾಲೇ ಬಿರಿಯುತ್ತದೆ. ರಂಗಸ್ಥಳದಲ್ಲಿ ಅಬ್ಬರಿಸಿ ಊರನ್ನೇ ನಡುಗಿಸುವ ಘಟೋತ್ಕಚ, ಅದಕ್ಕೆ ಮೊದಲಿನ ಮೂರು ಗಂಟೆ ಚೌಕಿಯ ಮೂಲೆಯಲ್ಲಿ ಮೌನವ್ರತದಲ್ಲಿ ಇರುತ್ತಾನೆ.

ಆದರೆ ನನ್ನ ಮಟ್ಟಿಗೆ ಬಡಗುತಿಟ್ಟಿನ, ಅಂದರೆ ನಮ್ಮ ಕಡೆಯ ಉತ್ತರದ ಶೈಲಿಯ, ಚೌಕಿಯ ನಿಜವಾದ ಕೈಚಳಕ ಇರುವುದು ಮುಂಡಾಸಿನಲ್ಲಿ. ದಕ್ಷಿಣದ ಶೈಲಿಯಾದ ತೆಂಕಿನಲ್ಲಿ ಕಿರೀಟಕ್ಕೆ ಪ್ರಾಧಾನ್ಯ. ಬಡಗಿನಲ್ಲಿಯೂ ರಾಜವೇಷಗಳಿಗೆ ಕಿರೀಟ ಉಂಟು. ಆದರೆ ಕರ್ಣ, ಅರ್ಜುನರಂಥ ವೀರರಿಗೆ ಮುಂಡಾಸು, ಅಭಿಮನ್ಯು ಬಭ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ. ಕಿರೀಟವಾದರೆ ಪೆಟ್ಟಿಗೆಯಿಂದ ತೆಗೆದು ತಲೆಗೆ ಇಟ್ಟು ಬಿಗಿದರಾಯಿತು. ಮುಂಡಾಸು ಹಾಗಲ್ಲ. ಪ್ರತಿ ರಾತ್ರಿ ಅದನ್ನು ತಲೆಯ ಮೇಲೇ ಹೊಸದಾಗಿ ಕಟ್ಟಬೇಕು, ಬೆಳಿಗ್ಗೆ ಬಿಚ್ಚಬೇಕು. ಆರು ತಿಂಗಳ ತಿರುಗಾಟದಲ್ಲಿ ನೂರೆಂಬತ್ತು ರಾತ್ರಿ ಎಂದು ಹಿಡಿದರೆ, ನೂರೆಂಬತ್ತು ಸಲ ಕಟ್ಟಿ ನೂರೆಂಬತ್ತು ಸಲ ಬಿಚ್ಚುವ ಕೆಲಸ.

ಕಟ್ಟುವ ಕ್ರಮ ಹೀಗೆ. ಮೊದಲು ತಲೆಗೆ ಒಂದು ಬಟ್ಟೆ ಬಿಗಿದು ಕಟ್ಟುತ್ತಾರೆ. ಅದರ ಮೇಲೆ ಅಟ್ಟೆ. ಅಟ್ಟೆ ಎಂದರೆ ಹುಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಾಡಿದ ಸುರುಳಿ. ಮುಂಡಾಸಿನ ಎಲುಬು ಅದು. ಅಟ್ಟೆಯನ್ನು ತಲೆಯ ಸುತ್ತ ಕೂರಿಸುತ್ತಾ, ದಾರದಿಂದ ಬಿಗಿಯುತ್ತಾ, ಬದಿಗಳಲ್ಲಿ ಅಗಲ ಮಾಡಿ ಮೇಲಕ್ಕೆ ಮೊನೆ ತರುತ್ತಾರೆ. ಆಮೇಲೆ ಬಟ್ಟೆ ಸುತ್ತುವುದು. ಸುತ್ತಿನ ಮೇಲೆ ಸುತ್ತು, ಒಂದು ಮಡಿಕೆಯೂ ಕಾಣದ ಹಾಗೆ. ಕೊನೆಗೆ ಕಪ್ಪು ಬಟ್ಟೆಯ ಮೇಲೆ ಜರಿಯ ಪಟ್ಟಿಯನ್ನು ಓರೆಯಾಗಿ ಎಳೆದು ಗೆರೆಗೆರೆಯಾಗಿ ಕೂರಿಸಿದಾಗ ಅದು ತಾವರೆಯ ಮೊಗ್ಗಿನಂತೆ ಕಾಣಿಸುತ್ತದೆ. ಕೇದಗೆ ಮುಂದಲೆಯಾದರೆ ಗಾತ್ರ ಸಣ್ಣದು, ಹೆಸರೇ ಹೇಳುವಂತೆ ಕೇದಗೆಯ ಎಸಳಿನ ಆಕಾರ. ಹುಲ್ಲು, ಹಳೇ ಬಟ್ಟೆ, ದಾರ, ಜರಿ. ಸಾಮಾನು ಇಷ್ಟೇ. ಇಷ್ಟರಲ್ಲಿ ಕರ್ಣನ ಘನತೆ ಹುಟ್ಟುತ್ತದೆ.

ನಾನು ಹತ್ತು ಹನ್ನೊಂದು ವರ್ಷದವನಾಗಿದ್ದಾಗ ಒಮ್ಮೆ ಚೌಕಿಯಲ್ಲಿ ಕೈ ಸಾಲದೆ, ಹತ್ತಿರ ನಿಂತು ಬಾಯಿಬಿಟ್ಟು ನೋಡುತ್ತಿದ್ದ ನನ್ನನ್ನೇ ಒಬ್ಬ ಕಲಾವಿದರು ಕರೆದರು. “ಹ್ವಾಯ್ ಮಾಣಿ, ಇದ್ರ್ ತುದಿ ಹಿಡ್ಕೋ. ಎಳುಕಾಗ, ಸಡ್ಲ ಬಿಡುಕೂ ಆಗ” ಎಂದರು. ಬಟ್ಟೆಯ ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅವರ ತಲೆಯಲ್ಲಿ. ಅವರು ಸುತ್ತುತ್ತಾ ಸುತ್ತುತ್ತಾ ಬಂದಂತೆ ನಾನು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋಗಬೇಕು. ನಡುವೆ ಎರಡು ಸಲ ನನ್ನ ಕೈ ಸಡಿಲಾಯಿತು. ಎರಡು ಸಲವೂ ಅವರು ಬೈಯಲಿಲ್ಲ. ಬಿಚ್ಚಿ, ಮೊದಲಿನಿಂದ ಸುತ್ತಿದರು. ಯಾಕೆ ಅಷ್ಟು ನಾಜೂಕು ಎಂದು ಅವತ್ತು ರಾತ್ರಿ ಗೊತ್ತಾಯಿತು. ಯುದ್ಧದ ಪದ್ಯಕ್ಕೆ ಅವರು ರಂಗಸ್ಥಳದ ತುಂಬ ಮಂಡಿ ಹಾಕಿ ಸುತ್ತಿದರು. ಎಷ್ಟು ಸುತ್ತು ಎಂದು ಲೆಕ್ಕ ಇಡಲು ಹೋಗಿ ನನಗೆ ತಪ್ಪಿತು. ಮುಂಡಾಸು ಒಂದಿಷ್ಟೂ ಅಲುಗಲಿಲ್ಲ. ಸಡಿಲಾಗಿದ್ದರೆ ಆ ಸುತ್ತಿಗೆ ಕಳಚಿ ಬೀಳುತ್ತಿತ್ತು. ಅತಿ ಬಿಗಿಯಾಗಿದ್ದರೆ ಬೆಳಗಿನವರೆಗೆ ಹೊತ್ತ ತಲೆ ಸಿಡಿಯುತ್ತಿತ್ತು. ಎರಡರ ನಡುವಿನ ಆ ಹದ ಇದೆಯಲ್ಲ, ಅದನ್ನು ಅವರು ನನ್ನಂಥ ಒಬ್ಬ ಊರ ಹುಡುಗನ ಕೈಯನ್ನು ನಂಬಿ ಕಟ್ಟಿಕೊಂಡಿದ್ದರು. ಆ ನಂಬಿಕೆಯನ್ನು ನಾನು ಇವತ್ತಿಗೂ ದೊಡ್ಡ ಮರ್ಯಾದೆ ಎಂದು ಇಟ್ಟುಕೊಂಡಿದ್ದೇನೆ.

ಮುಂಡಾಸಿನ ನಂತರ ಉಳಿದದ್ದು: ಎದೆಕಟ್ಟು, ಭುಜಕೀರ್ತಿ, ತೋಳುಕಟ್ಟು, ವೀರಗಸೆ, ಡಾಬು, ಕರ್ಣಪತ್ರ. ಹಗುರ ಮರದಲ್ಲಿ ಕೆತ್ತಿ, ಮೇಲೆ ಹೊಂಬಣ್ಣದ ಬೇಗಡೆ ಹಾಕಿ, ಕನ್ನಡಿ ಚೂರು ಕೂರಿಸಿದವು. ಬೆಳಕಿನ ಒಂದು ಕುಡಿ ಸಿಕ್ಕರೆ ಸಾಕು, ಇಡೀ ಮೈ ಹೊಳೆಯುತ್ತದೆ. ಇವೆಲ್ಲ ದೀಟಿಗೆಯ ಬೆಳಕಿನ ಕಾಲದಲ್ಲಿ ಹುಟ್ಟಿದ ಒಡವೆಗಳು ಎಂಬುದನ್ನು ಮರೆಯಬಾರದು. ಓಲಾಡುವ ಎಣ್ಣೆಯ ಬೆಳಕಿಗೆ ಏನು ಹೊಳೆಯುತ್ತದೆ, ದೂರದಲ್ಲಿ ಕೂತವನಿಗೆ ಏನು ಕಾಣುತ್ತದೆ ಎಂದು ತಲೆಮಾರುಗಟ್ಟಲೆ ನೋಡಿ ನೋಡಿ ತೀರ್ಮಾನಿಸಿದ್ದು. ಈಗಿನ ವಿದ್ಯುತ್ ದೀಪದಲ್ಲಿ ಅದೇ ವೇಷ ಸ್ವಲ್ಪ ಹೆಚ್ಚೇ ಬೆತ್ತಲಾಗಿ ಕಾಣುತ್ತದೆ ಎಂದು ನನಗನಿಸುತ್ತದೆ.

ಹೊತ್ತು ಮುಳುಗಿದ ಮೇಲೆ ಚೆಂಡೆಯವರು ಕೇಳಿ ಬಡಿಯುತ್ತಾರೆ. ಇವತ್ತು ಇಲ್ಲಿ ಆಟ ಉಂಟು ಎಂದು ಸುತ್ತಲಿನ ಊರಿಗೆ ಸಾರುವ ಬಡಿತ. ಚೌಕಿಯಲ್ಲಿ ಪೂಜೆಯಾಗಿ, ಹಾಡುವ ಭಾಗವತರು ಗಣಪತಿಯನ್ನು ಸ್ತುತಿಸಿ, ಪೂರ್ವರಂಗ ಶುರು. ಮೊದಲು ಕೋಡಂಗಿ. ಆಮೇಲೆ ಬಾಲಗೋಪಾಲ. ಆಮೇಲೆ ಪೀಠಿಕೆಯ ಸ್ತ್ರೀವೇಷ. ಇದಾದ ಮೇಲೆ ಮುಖ್ಯ ವೇಷಗಳು ರಂಗಕ್ಕೆ ಬರುವ ಒಡ್ಡೋಲಗ, ಆಮೇಲೆ ಕಥೆ, ಅಂದರೆ ಪ್ರಸಂಗ. ಈ ಕ್ರಮವನ್ನು ನೋಡುವವರು ಬರೀ ಸಂಪ್ರದಾಯ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅದೊಂದು ಶಾಲೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲ ವರ್ಷ ಕೋಡಂಗಿ. ಕಾಲು ತಾಳಕ್ಕೆ ಕೂತರೆ ಬಾಲಗೋಪಾಲ. ಮುಂದೆ ಪೀಠಿಕೆ ವೇಷ, ನಿತ್ಯವೇಷ, ಸಣ್ಣಪುಟ್ಟ ಪಾತ್ರ, ಹೀಗೆ ಏರುತ್ತಾ ಏರುತ್ತಾ ಬಹಳ ವರ್ಷಗಳ ಮೇಲೆ ಎರಡನೇ ವೇಷ. ಪ್ರತಿ ರಾತ್ರಿ ಎಲ್ಲ ತರಗತಿಗಳೂ ಒಂದೇ ರಂಗಸ್ಥಳದಲ್ಲಿ, ಜನರ ಎದುರಿಗೆ, ಒಂದರ ಹಿಂದೆ ಒಂದು ನಡೆಯುತ್ತವೆ. ತನ್ನ ಸರದಿ ಮುಗಿದ ಹುಡುಗ ಬಣ್ಣ ತೆಗೆದು ಮಲಗುವುದಿಲ್ಲ. ಪರದೆಯ ಬದಿಯಲ್ಲಿ ನಿಂತು ಹಿರಿಯರನ್ನು ನೋಡುತ್ತಾನೆ. ಪಾಠ ಎಂದರೆ ಅದೇ.

ಇನ್ನೊಂದು ಸಂಗತಿ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಇಡೀ ರಾತ್ರಿಯ ಆಟಕ್ಕೆ ಬರೆದಿಟ್ಟ ಮಾತು ಇಲ್ಲ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಭಾಗವತರು ಪದ್ಯ ಹೇಳಿದ ಮೇಲೆ ಅದರ ಅರ್ಥವನ್ನು ವೇಷಧಾರಿ ಆ ಕ್ಷಣದಲ್ಲಿ ತನ್ನ ಮಾತಿನಲ್ಲಿ ಕಟ್ಟಬೇಕು. ಎದುರು ಪಾತ್ರದವನು ಏನು ಕೇಳುತ್ತಾನೆ ಎಂದು ಇವನಿಗೆ ಗೊತ್ತಿಲ್ಲ. ಉತ್ತರ ಕೊಡಲೇಬೇಕು, ಪುರಾಣಕ್ಕೆ ತಪ್ಪಬಾರದು, ಪಾತ್ರದ ಸ್ವಭಾವ ಬಿಡಬಾರದು, ಪದ್ಯದ ಚೌಕಟ್ಟು ಮೀರಬಾರದು. ಅದಕ್ಕೇ ಎದುರು ಕೂತ ಜನರ ಕಿವಿ ಮುಖ್ಯವಾಗುವುದು. ಹಿಂದಿನ ವರ್ಷ ಇದೇ ಸನ್ನಿವೇಶದಲ್ಲಿ ಇನ್ನೊಬ್ಬ ಕರ್ಣ ಏನು ಹೇಳಿದ್ದ ಎಂದು ಮುಂದಿನ ಚಾಪೆಯ ಅಜ್ಜನಿಗೆ ನೆನಪಿರುತ್ತದೆ. ಅಜ್ಜ ತಲೆದೂಗಿದರೆ ಅದು ಬಿರುದಿಗಿಂತ ಮೇಲು. ಅಜ್ಜ ಬೀಡಿ ಹಚ್ಚಲು ಎದ್ದು ಹೋದರೆ, ಅವತ್ತಿನ ಅರ್ಥ ಬಿದ್ದಿತು ಎಂದೇ ಅರ್ಥ. ನನಗೆ ತಿಳಿದ ಮಟ್ಟಿಗೆ, ಕೇಳುವವರು ಚುರುಕಾಗಿದ್ದ ಊರುಗಳಲ್ಲಿ ಆಟ ಯಾವತ್ತೂ ಮೇಲಾಗಿಯೇ ಆಗುತ್ತದೆ. ಕಲಾವಿದರೂ ಅದನ್ನು ಬಾಯಿಬಿಟ್ಟು ಹೇಳುತ್ತಾರೆ.

ಇಷ್ಟು ದೊಡ್ಡ ಸರಂಜಾಮು, ನಲವತ್ತೈವತ್ತು ಜನ, ಇಡೀ ರಾತ್ರಿ. ನೋಡುವವರಿಗೆ ಟಿಕೆಟ್ ಇಲ್ಲ. ಯಾರು ಕೊಡುತ್ತಾರೆ? ಊರೇ ಕೊಡುತ್ತದೆ, ಹರಕೆಯ ಹೆಸರಿನಲ್ಲಿ. ಮಗುವಿನ ಕಾಯಿಲೆ ಗುಣವಾಗಲಿ, ಮಗಳ ಮದುವೆ ಕೂಡಿಬರಲಿ, ಮನೆ ಕಟ್ಟಿ ಮುಗಿಯಲಿ ಎಂದು ಹೇಳಿಕೊಂಡವರು, ಆದಾಗ ಒಂದು ಆಟ ಆಡಿಸುತ್ತಾರೆ. ಮಂದಾರ್ತಿ, ಕಟೀಲು ಮೇಳಗಳ ಆಟಕ್ಕೆ ಹೆಸರು ಬರೆಸಿದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಅಪ್ಪ ಹೇಳಿಕೊಂಡ ಹರಕೆಯನ್ನು ಮಗ ತೀರಿಸಿದ್ದೂ ಉಂಟು. ಒಂದು ಮನೆ ಖರ್ಚು ವಹಿಸುತ್ತದೆ, ಇಡೀ ಊರು ಪುಕ್ಕಟೆ ನೋಡುತ್ತದೆ. ಅದರ ಜೊತೆಗೆ ಮೇಳದವರಿಗೂ ಬಂದವರಿಗೂ ರಾತ್ರಿಯ ಊಟ. ನೆರೆಮನೆಯವರು ತೆಂಗಿನಕಾಯಿ ತರುತ್ತಾರೆ, ಇನ್ನೊಬ್ಬರು ಬಾಳೆಎಲೆ, ಇನ್ನೊಬ್ಬರು ಗದ್ದೆ ಬಿಟ್ಟುಕೊಡುತ್ತಾರೆ, ಹುಡುಗರು ಚಪ್ಪರಕ್ಕೆ ಕೈಹಾಕುತ್ತಾರೆ. ಬಂದವರು ಯಾರೇ ಆಗಲಿ, “ಉಂಡ್ಕಂಡೇ ಹೋಯ್ಕ್” ಎನ್ನದೆ ಆ ಮನೆಯವರು ಬಿಡುವುದಿಲ್ಲ.

ಸಣ್ಣ ಊರೊಂದು ಕಲೆಯನ್ನು ಸಾಕಿಕೊಳ್ಳುವ ಬಗೆ ಇದು. ಅನುದಾನದ ಅರ್ಜಿ ಬೇಡ, ಪ್ರಾಯೋಜಕರ ಫಲಕ ಬೇಡ. ಯಾರೂ ಇದನ್ನು ಕಲೆಗೆ ಕೊಡುವ ದಾನ ಎಂದು ಎಣಿಸುವುದೂ ಇಲ್ಲ. ಋಣ ತೀರಿಸುತ್ತಿದ್ದೇವೆ ಎಂದೇ ಎಣಿಸುತ್ತಾರೆ. ದಾನ ಕೊಟ್ಟವನಿಗೆ ಮುಂದಿನ ವರ್ಷ ಬೇಸರ ಬರಬಹುದು. ಹರಕೆ ಹೊತ್ತವನಿಗೆ ಬೇಸರ ಬರುವ ಪ್ರಶ್ನೆಯೇ ಇಲ್ಲ. ಯಕ್ಷಗಾನ ಸಾವಿರ ತೊಂದರೆಗಳ ನಡುವೆ ಉಳಿದದ್ದಕ್ಕೆ ನಾನು ಕೊಡುವ ಮೊದಲ ಕಾರಣ ಇದೇ.

ಇದಕ್ಕಿಂತ ಚಿಕ್ಕ ಏರ್ಪಾಡುಗಳೂ ಇವೆ. ನವರಾತ್ರಿಯಲ್ಲಿ ಹೂವಿನಕೋಲು: ಭಾಗವತರು, ಮದ್ದಳೆಯವರು, ಜೊತೆಗೆ ಇಬ್ಬರು ಮೂವರು ಹುಡುಗರು ಹೂವು ಕಟ್ಟಿದ ಕೋಲು ಹಿಡಿದು ಮನೆಮನೆಗೆ ಬರುತ್ತಾರೆ. ಜಗಲಿಯಲ್ಲಿ ಎದುರುಬದುರು ಕೂತು ಯಾವುದೋ ಪ್ರಸಂಗದ ನಾಲ್ಕು ಪದ್ಯ, ನಾಲ್ಕು ಮಾತು ಹೇಳುತ್ತಾರೆ. ಮನೆಯವರು ಅಕ್ಕಿ, ಕಾಯಿ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ದಿನಕ್ಕೆ ಹತ್ತು ಮನೆ ಹೋದ ಹುಡುಗ ಅದೇ ಅರ್ಥವನ್ನು ಹತ್ತು ಸಲ ಹೇಳಿರುತ್ತಾನೆ. ನವರಾತ್ರಿ ಮುಗಿಯುವಷ್ಟರಲ್ಲಿ ಅವನ ನಾಲಿಗೆ ತಿರುಗಿರುತ್ತದೆ. ಮಳೆಗಾಲದಲ್ಲಿ ಚಿಕ್ಕಮೇಳ: ಇಬ್ಬರು ವೇಷಧಾರಿಗಳು ಮತ್ತು ಹಿಮ್ಮೇಳ, ಮನೆಯ ಒಳಗೇ ಹತ್ತು ಹದಿನೈದು ನಿಮಿಷದ ಆಟ. ಕರಾವಳಿಯ ಮೇಳಗಳು ಮೇ ತಿಂಗಳ ಕೊನೆಯ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ದೀಪಾವಳಿಯವರೆಗೆ ಕಲಾವಿದನ ಮನೆಯ ಒಲೆ ಉರಿಯಬೇಕಲ್ಲ. ಆ ದಿನಗಳನ್ನು ದಾಟಿಸುವುದಕ್ಕೆ ಚಿಕ್ಕಮೇಳ ಆಸರೆ.

ಸಂಸ್ಥೆಗಳ ಕೆಲಸವನ್ನೂ ಹೇಳಬೇಕು. ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಬರೆದು, ವೇಷ, ಬಣ್ಣ, ರಾಗಗಳನ್ನು ಒಂದೊಂದಾಗಿ ದಾಖಲಿಸಿ ಇಟ್ಟರು. ಆ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಹೊನ್ನಾವರದ ಬಳಿಯ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದಿದೆ. ಅದೇ ಊರಿನಲ್ಲಿ ಅವರ ಮಗ ಶಂಭು ಹೆಗಡೆಯವರು ಕಲಿಕೆಯ ಕೇಂದ್ರವನ್ನೂ ಕಟ್ಟಿದರು. ಸಾಲಿಗ್ರಾಮದ ಮಕ್ಕಳ ಮೇಳ 1970ರ ದಶಕದಿಂದ ಎಳೆಯರ ಕಾಲಿಗೆ ಗೆಜ್ಜೆ ಕಟ್ಟಿಸಿತು. ಹೊಸ್ತೋಟ ಮಂಜುನಾಥ ಭಾಗವತರು ಊರೂರು ತಿರುಗಿ, ಹೋದಲ್ಲಿ ಉಳಿದು, ಮಕ್ಕಳಿಗೆ ಕಲಿಸಿದರು. ಕಣ್ಣು ಕಾಣದ ಮಕ್ಕಳಿಗೂ ಕುಣಿತ ಕಲಿಸಿ ಆಟ ಆಡಿಸಿದರು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಶಾಲೆಗಳಲ್ಲಿ ಕಲಿಸುವುದರ ಜೊತೆಗೆ, ಕಷ್ಟದಲ್ಲಿರುವ ಕಲಾವಿದರಿಗೆ ಮನೆ ಕಟ್ಟಿಸಿಕೊಡುವ ಕೆಲಸವನ್ನೂ ಮಾಡುತ್ತಿದೆ. ಇವರೆಲ್ಲರಿಗೆ ಕೈಮುಗಿಯುತ್ತೇನೆ.

ಆದರೆ ಈಗ ಹೇಳಬೇಕಾದ ಒಂದು ನೋವಿನ ಮಾತಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮ, ಮರುದಿನದ ಕೆಲಸ, ಮಕ್ಕಳ ಪರೀಕ್ಷೆ, ಇವೆಲ್ಲದರಿಂದ ಕಾಲಮಿತಿಯ ಆಟ ಹೆಚ್ಚಾಗಿದೆ. ನಾಲ್ಕೈದು ಗಂಟೆಯಲ್ಲಿ ಮುಗಿಸಬೇಕು. ಕಾಲಮಿತಿ ತಪ್ಪೆಂದು ನಾನು ಹೇಳುವುದಿಲ್ಲ. ಮುಂಜಾನೆ ಕೆಲಸಕ್ಕೆ ಹೋಗುವವರೂ ಆಟ ನೋಡಬೇಕು. ಆದರೆ ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕೋಡಂಗಿ ಹೋಯಿತು, ಬಾಲಗೋಪಾಲ ಹೆಸರಿಗೆ ಬಂದು ಹೋಯಿತು. ಪ್ರೇಕ್ಷಕರಿಗೆ ಏನೂ ಕಳೆದಂತೆ ಕಾಣುವುದಿಲ್ಲ, ಯಾಕೆಂದರೆ ಅವರು ಬಂದದ್ದೇ ಪ್ರಸಂಗಕ್ಕೆ. ಕಳೆದದ್ದು ಶಾಲೆಯ ಒಂದನೇ ತರಗತಿ. ಏಣಿಯ ಕೆಳಗಿನ ಮೆಟ್ಟಿಲು ತೆಗೆದ ಮೇಲೆ ಹುಡುಗ ಹತ್ತುವುದು ಎಲ್ಲಿಂದ? ಮುಂಡಾಸಿಗೂ ಅದೇ ಆಗುತ್ತಿದೆ. ಹೊತ್ತಿಲ್ಲವೆಂದು ಮೊದಲೇ ಕಟ್ಟಿಟ್ಟ ಮುಂಡಾಸನ್ನು ತಲೆಗೆ ಇಟ್ಟುಕೊಳ್ಳುವುದು ಬಂದಿದೆ. ದೂರದಿಂದ ಅದೂ ಚೆಂದವೇ. ಆದರೆ ಒಬ್ಬೊಬ್ಬರ ಮುಖದ ಉದ್ದ, ಕೆನ್ನೆಯ ಅಗಲ, ಕತ್ತಿನ ಎತ್ತರ ನೋಡಿ ಕಟ್ಟಿದ ಮುಂಡಾಸಿನಲ್ಲಿ ಆ ಮುಖಕ್ಕೆ ಬರುವ ಕಳೆ, ಎಲ್ಲರ ತಲೆಗೂ ಹೊಂದುವ ಮುಂಡಾಸಿನಲ್ಲಿ ಬರುವುದಿಲ್ಲ. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ಇದನ್ನು ಮೇಳದವರು ಮಾತ್ರ ಸರಿಮಾಡಲಾರರು. ಆಟ ಆಡಿಸುವವರು ಕೇಳಿದರೆ ಮೇಳದವರು ಇಲ್ಲವೆನ್ನುವುದಿಲ್ಲ. ಹರಕೆಯ ಆಟ ನಿಶ್ಚಯ ಮಾಡುವಾಗ, ಪ್ರಸಂಗ ಯಾವುದು ಎಂದು ಹೇಳುವ ಜೊತೆಗೆ, “ಪೂರ್ವರಂಗ ಪೂರ್ತಿ ಇರಲಿ” ಎಂದು ಒಂದು ಮಾತು ಹೇಳಿ. ಸಂಜೆ ಆಟವನ್ನು ಒಂದು ಗಂಟೆಯಷ್ಟು ಮೊದಲೇ ಶುರುಮಾಡಿದರೆ ಕಾಲಮಿತಿಯಲ್ಲೂ ಅದಕ್ಕೆ ಜಾಗ ಆಗುತ್ತದೆ. ನವರಾತ್ರಿಯಲ್ಲಿ ಹೂವಿನಕೋಲಿನವರು ಬಂದರೆ ಗೇಟಿನಲ್ಲೇ ಹತ್ತು ರೂಪಾಯಿ ಕೊಟ್ಟು ಕಳಿಸಬೇಡಿ. ಜಗಲಿಗೆ ಕರೆದು, ಟಿವಿ ನಿಲ್ಲಿಸಿ, ಮನೆಯ ಮಕ್ಕಳನ್ನು ಎದುರಿಗೆ ಕೂರಿಸಿ ಕೇಳಿ. ಮಳೆಗಾಲದಲ್ಲಿ ಚಿಕ್ಕಮೇಳದವರಿಗೆ ನಿಮ್ಮ ಚಾವಡಿಯಲ್ಲಿ ಹದಿನೈದು ನಿಮಿಷದ ಜಾಗ ಕೊಡಿ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವವರು ಊರಿನ ಆಟಕ್ಕೆ ಹಣ ಕಳಿಸುತ್ತೀರಿ, ಒಳ್ಳೆಯದೇ. ಒಂದು ವರ್ಷ ಹಣದ ಜೊತೆ ನೀವೂ ಬನ್ನಿ, ಮಕ್ಕಳನ್ನು ಕರೆತನ್ನಿ.

ಬಂದವರು ಪದ್ಯ ಶುರುವಾಗುವ ಹೊತ್ತಿಗೆ ಬರಬೇಡಿ, ಸಂಜೆ ಐದು ಗಂಟೆಗೇ ಬನ್ನಿ. ಚಪ್ಪಲಿ ಹೊರಗೆ ಬಿಟ್ಟು, ಒಪ್ಪಿಗೆ ಕೇಳಿ, ಚೌಕಿಯ ಒಂದು ಬದಿಯಲ್ಲಿ ಮಕ್ಕಳನ್ನು ಸದ್ದಿಲ್ಲದೆ ಕೂರಿಸಿ. ಅಲ್ಲಿ ಯಾರಾದರೊಬ್ಬರು ಅಟ್ಟೆ ಕೂರಿಸಿ ಬಟ್ಟೆ ಬಿಚ್ಚುತ್ತಿರುತ್ತಾರೆ. ತುದಿ ಹಿಡಿಯಲು ಒಂದು ಕೈ ಅವರಿಗೆ ಬೇಕಾಗಬಹುದು.